ಹಳೆಯ ಬ್ಲೆಂಡೆಡ್ ಸ್ಕಾಚ್‌ನ ರುಚಿ ನೋಡುವ ಬಗೆ

ಬ್ಲೆಂಡೆಡ್ ಸ್ಕಾಚ್ ಎಂದರೆ ಮೊಳಕೆ ಬಾರ್ಲಿಯ ಮಾಲ್ಟ್ ವಿಸ್ಕಿಗೆ ಗೋಧಿ, ಮೆಕ್ಕೆಜೋಳದಂಥ ಧಾನ್ಯಗಳ ಗ್ರೇನ್ ವಿಸ್ಕಿ ಬೆರೆಸಿದ ಸ್ಕಾಟ್ಲೆಂಡಿನ ವಿಸ್ಕಿ. ಅದರ ಬಾಟಲಿಯ ಮೇಲೆ 21 ವರ್ಷ ಎಂದು ನಮೂದಾಗಿದ್ದರೆ, ಮಿಶ್ರಣದಲ್ಲಿರುವ ಅತ್ಯಂತ ಎಳೆಯ ವಿಸ್ಕಿಯೂ ಓಕ್ ಪೀಪಾಯಿಯಲ್ಲಿ ಕನಿಷ್ಠ ಅಷ್ಟು ಕಾಲ ಮಾಗಿದೆ ಎಂದರ್ಥ. ಉಳಿದವು ಇನ್ನೂ ಹಳೆಯವಾಗಿರಬಹುದು. ಬಣ್ಣ ನೋಡಿ ವಯಸ್ಸನ್ನು ಅಳೆಯಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನೇ ಅವಕಾಶ ಕೊಟ್ಟಿದೆ.

ತಳದಲ್ಲಿ ಉಬ್ಬಿ ಬಾಯಿಯ ಬಳಿ ಕಿರಿದಾಗುವ ಟ್ಯುಲಿಪ್ ಆಕಾರದ ಲೋಟಕ್ಕೆ 25 ಮಿಲಿಲೀಟರ್ ಸುರಿದು, ಹತ್ತು ನಿಮಿಷ ಹಾಗೆಯೇ ಬಿಡಿ. ಮಂಜುಗಡ್ಡೆ ಬೇಡ, ತಂಪು ಪರಿಮಳವನ್ನು ಅಡಗಿಸುತ್ತದೆ. ಮೂಗನ್ನು ಲೋಟದೊಳಗೆ ತೂರಿಸದೆ, ತುಟಿಗಳನ್ನು ತುಸು ತೆರೆದು, ಅಂಚಿನಿಂದ ಒಂದೆರಡು ಅಂಗುಲ ದೂರದಲ್ಲಿ ಮೂಸಿದರೆ ಆಲ್ಕೋಹಾಲಿನ ಘಾಟು ಹಿಂದೆ ಸರಿದು, ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯ ವೆನಿಲ್ಲಾ, ಶೆರಿ (ಸ್ಪೇನಿನ ವೈನ್) ಪೀಪಾಯಿಯ ಒಣದ್ರಾಕ್ಷಿ, ಕೆಲವೊಮ್ಮೆ ಬಾರ್ಲಿ ಒಣಗಿಸಲು ಉರಿಸುವ ಪೀಟ್ ಎಂಬ ಜೌಗು ಮಣ್ಣಿನ ಹೊಗೆಯ ಎಳೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಮೊದಲ ಗುಟುಕು ನಾಲಿಗೆಯನ್ನು ಒಗ್ಗಿಸುವುದಕ್ಕಷ್ಟೇ. ಎರಡನೆಯದನ್ನು ಬಾಯಿತುಂಬ ಹೊರಳಿಸಿ, ಗ್ರೇನ್ ವಿಸ್ಕಿಯ ನುಣುಪು ಮಾಲ್ಟ್‌ನ ದಟ್ಟ ರುಚಿಯನ್ನು ಹೊತ್ತು ನಿಂತಿದೆಯೇ ಅಥವಾ ಎರಡೂ ಬೇರೆಬೇರೆಯಾಗಿ ತೋರುತ್ತಿವೆಯೇ ಎಂದು ಗಮನಿಸಿ. ಬ್ಲೆಂಡರ್‌ನ, ಅಂದರೆ ವಿಸ್ಕಿಗಳನ್ನು ಹದವಾಗಿ ಬೆರೆಸುವ ತಜ್ಞನ, ಕೈಚಳಕ ಗೊತ್ತಾಗುವುದು ಇಲ್ಲಿಯೇ. ಬಳಿಕ ನಾಲ್ಕೈದು ಹನಿ ನೀರು ಬೆರೆಸಿ ಮತ್ತೆ ಮೂಸಿ: ಅಡಗಿದ್ದ ಹಣ್ಣಿನ ವಾಸನೆ ಹಲವು ಬಾರಿ ಆಗಲೇ ಮೇಲೇಳುತ್ತದೆ.

ವಯಸ್ಸು ಹೆಚ್ಚಿದಷ್ಟೂ ರುಚಿ ಹೆಚ್ಚು ಎಂಬುದನ್ನು ನಾನು ಒಪ್ಪುವುದಿಲ್ಲ. ನುಂಗಿದ ಮೇಲೆ ವಸಡು ಒಣಗಿ, ಅತಿಯಾಗಿ ಕುದಿಸಿದ ಚಹಾದಂಥ ಒಗರು ಉಳಿದರೆ ಮರ ಮೇಲುಗೈ ಸಾಧಿಸಿದೆ ಎಂದೇ ಲೆಕ್ಕ. ಒಳ್ಳೆಯದಾದರೆ ಸಿಹಿಯೂ ಮಸಾಲೆಯೂ ನಿಧಾನವಾಗಿ ಕರಗುತ್ತವೆ. ಖಾಲಿ ಲೋಟವನ್ನು ತೊಳೆಯದೆ ಇಟ್ಟು ಮರುದಿನ ಬೆಳಿಗ್ಗೆ ಮೂಸಿ ನೋಡಿ. ಆಲ್ಕೋಹಾಲು ಆರಿಹೋದ ಮೇಲೆ ಓಕ್‌ನ ವಾಸನೆ ಇನ್ನಷ್ಟು ಸ್ಪಷ್ಟವಾಗಿರುತ್ತದೆ.