ನಿತ್ಯಹಸಿರು ಅಜೇಲಿಯಾ: ಬೇರನ್ನು ಅರಿತು ಬೆಳೆಸುವ ಕ್ರಮ

ಕಡುಚಳಿಯೂ ಸುಡುಬಿಸಿಲೂ ಇಲ್ಲದ ಹಿತವಾದ ಹವೆಯ ತೋಟಗಳಲ್ಲಿ, ಎಲೆಯೇ ಕಾಣದಂತೆ ಹೂ ಹೊದ್ದು ನಿಲ್ಲುವ ಪೊದೆಗಳೆಂದರೆ ನಿತ್ಯಹಸಿರು ಮಿಶ್ರತಳಿಯ ಅಜೇಲಿಯಾಗಳು. ರೋಡೋಡೆಂಡ್ರಾನ್ ಕುಲಕ್ಕೆ ಸೇರಿದ ಈ ಗಿಡಗಳನ್ನು ಬೆಳೆಸುವವರು ಮೊದಲು ಅರಿಯಬೇಕಾದದ್ದು ಅವುಗಳ ಬೇರಿನ ಸ್ವಭಾವವನ್ನು. ಅವಕ್ಕೆ ಆಳಕ್ಕಿಳಿಯುವ ತಾಯಿಬೇರು ಇರುವುದಿಲ್ಲ. ಎಳೆ ಎಳೆಯಾದ ನವಿರು ಬೇರುಗಳು ಮೇಲ್ಮಣ್ಣಿನ ಸುಮಾರು ಒಂದು ಅಡಿಯೊಳಗೇ ಹರಡಿಕೊಂಡಿರುತ್ತವೆ. ನೀರು ನಿಂತರೆ ಅವು ಕೊಳೆಯುತ್ತವೆ, ಮಣ್ಣು ಒಣಗಿದರೆ ಎಲ್ಲಕ್ಕಿಂತ ಮೊದಲು ಬಾಡುತ್ತವೆ.

ತಳಿಯ ಆಯ್ಕೆಯಲ್ಲಿ ಗಿಡದ ಎತ್ತರವನ್ನೂ ಹೂಬಿಡುವ ಕಾಲವನ್ನೂ ಗಮನಿಸಬೇಕು. ಜಪಾನಿನ ಕ್ಯುಶು ದ್ವೀಪದಿಂದ ಬಂದ ಕುರುಮೆ ತಳಿಗಳು ಸಣ್ಣ ಎಲೆ, ಸಣ್ಣ ಹೂಗಳ ದಟ್ಟ ಪೊದೆಗಳಾದ್ದರಿಂದ ಚಿಕ್ಕ ತೋಟಗಳಿಗೆ ಹೊಂದುತ್ತವೆ. ಸತ್ಸುಕಿ ತಳಿಗಳು ಕುಳ್ಳಗೆ ಬೆಳೆದು, ಉಳಿದವುಗಳ ಹೂವು ಮುಗಿದ ಬಳಿಕ ದೊಡ್ಡ ಹೂಗಳನ್ನು ಬಿಡುತ್ತವೆ. ಸದರ್ನ್ ಇಂಡಿಕಾ ತಳಿಗಳು ಆಳೆತ್ತರವನ್ನೂ ಮೀರಬಲ್ಲವು. ಬೇಸಿಗೆಯ ಧಗೆಯನ್ನೂ ಇವು ಚೆನ್ನಾಗಿ ತಾಳಿಕೊಳ್ಳುತ್ತವೆ. ಅಮೆರಿಕದ ಬಿ. ವೈ. ಮಾರಿಸನ್ ಅಭಿವೃದ್ಧಿಪಡಿಸಿದ ಗ್ಲೆನ್ ಡೇಲ್ ಗುಂಪೊಂದರಲ್ಲೇ 400ಕ್ಕೂ ಹೆಚ್ಚು ತಳಿಗಳಿವೆ. ಬೇಗ ಹೂಬಿಡುವ ಒಂದು ತಳಿಯ ಜೊತೆಗೆ ತಡವಾಗಿ ಹೂಬಿಡುವ ಇನ್ನೊಂದನ್ನು ನೆಡುವುದು, ಒಂದೇ ಬಣ್ಣದ ಹತ್ತು ಗಿಡಗಳನ್ನು ನೆಡುವುದಕ್ಕಿಂತ ಹೆಚ್ಚು ತೃಪ್ತಿ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ, ಇಲ್ಲವೇ ಎತ್ತರದ ಮರಗಳ ನಡುವಿನಿಂದ ಬಿಸಿಲು ಸೋಸಿ ಬರುವ ಜಾಗ ಉತ್ತಮ. ಗಾಢ ನೆರಳಿನಲ್ಲಿ ಗಿಡ ಬದುಕುತ್ತದೆ, ಆದರೆ ಹೂ ಕಡಿಮೆಯಾಗುತ್ತದೆ. ಸಿಮೆಂಟ್ ಗೋಡೆಯ ಬುಡವನ್ನು ಮಾತ್ರ ತಪ್ಪಿಸಲೇಬೇಕು, ಏಕೆಂದರೆ ಅಲ್ಲಿಂದ ಇಳಿಯುವ ಸುಣ್ಣದ ಅಂಶ ಅಜೇಲಿಯಾಕ್ಕೆ ಬೇಕಾದ ಹುಳಿಮಣ್ಣನ್ನು ಕೆಡಿಸುತ್ತದೆ.

ಮಣ್ಣಿನ ಹುಳಿ-ಕ್ಷಾರಗಳ ಅಳತೆಯಾದ ರಸಸಾರ (pH) 4.5ರಿಂದ 6ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ, ಮಣ್ಣಿನಲ್ಲಿ ಕಬ್ಬಿಣ ಸಾಕಷ್ಟಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದೆ, ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದ ಚಿಗುರೆಲೆಗಳು ಕಾಣಿಸಿಕೊಳ್ಳುತ್ತವೆ. ಆಗ ಚಿಲೇಟೆಡ್ ಕಬ್ಬಿಣದ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣದ) ಸಿಂಪಡಣೆ ತಾತ್ಕಾಲಿಕ ಉಪಶಮನವಷ್ಟೇ. ನಿಜವಾದ ಪರಿಹಾರವೆಂದರೆ ಮಣ್ಣನ್ನು ಪರೀಕ್ಷಿಸಿ, ಗಂಧಕದ ಪುಡಿಯನ್ನು ಹಿತಮಿತವಾಗಿ ಬೆರೆಸಿ, ರಸಸಾರವನ್ನು ನಿಧಾನವಾಗಿ ಇಳಿಸುವುದು. ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಈ ಗಿಡದ ಹತ್ತಿರ ಹಾಕಲೇಬಾರದು.

ನೆಡುವಾಗ ಗುಂಡಿ ಆಳವಾಗಿರುವುದಕ್ಕಿಂತ ಅಗಲವಾಗಿರಬೇಕು. ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಮಣ್ಣಿಗೆ ಧಾರಾಳವಾಗಿ ಬೆರೆಸಬೇಕು. ಕುಂಡದಲ್ಲಿ ಸುತ್ತಿಕೊಂಡು ಬಿಗಿಯಾದ ಬೇರುಗಳನ್ನು ಬೆರಳಿನಿಂದ ಸಡಿಲಿಸಿ, ಅಗತ್ಯವಿದ್ದರೆ ಬೇರುಮುದ್ದೆಯ ಪಕ್ಕಗಳನ್ನು ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಸೀಳಿ, ಮುದ್ದೆಯ ಮೇಲ್ಭಾಗ ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಎತ್ತರದಲ್ಲಿರುವಂತೆ ಕೂರಿಸಬೇಕು. ಜಿಗುಟು ಮಣ್ಣಿದ್ದರೆ ಏರುಮಡಿ ಮಾಡಿ ನೆಡುವುದೇ ಕ್ಷೇಮ. ಬೇರು ಕೊಳೆಸುವ ಫೈಟಾಫ್ತೊರಾ ರೋಗ ನೀರು ಬಸಿಯದ ಮಣ್ಣಿನಲ್ಲೇ ಹೆಚ್ಚು.

ನೆಟ್ಟ ಕೂಡಲೇ ನೀರುಣಿಸಿ, ಪೈನ್ ಮರದ ಸೂಜಿಯೆಲೆ, ತೊಗಟೆಯ ಚೂರು ಅಥವಾ ತರಗೆಲೆಯನ್ನು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಹೊದಿಸಬೇಕು. ಕಾಂಡಕ್ಕೆ ಅದು ತಾಗಬಾರದು. ಮೇಲ್ಮಣ್ಣಿನ ನವಿರು ಬೇರುಗಳು ಕಡಿದುಹೋಗುವ ಕಾರಣ ಬುಡದಲ್ಲಿ ಗುದ್ದಲಿ ಆಡಿಸಬಾರದು. ಕಳೆಯನ್ನು ಕೈಯಿಂದಲೇ ಕೀಳಬೇಕು. ಗೊಬ್ಬರವನ್ನು ಹೂವು ಮುಗಿದ ಮೇಲೆ ಸ್ವಲ್ಪ ಕೊಟ್ಟರೆ ಸಾಕು.

ಸವರುವ ಕೆಲಸವನ್ನೂ ಹೂ ಉದುರಿದ ಕೂಡಲೇ ಮುಗಿಸಬೇಕು. ಮುಂದಿನ ಋತುವಿನ ಮೊಗ್ಗುಗಳು ಬೇಸಿಗೆಯಲ್ಲೇ ಕಟ್ಟಿಕೊಳ್ಳುವುದರಿಂದ, ತಡವಾಗಿ ಕತ್ತರಿ ಹಾಕಿದವರು ಮರುವರ್ಷದ ಹೂಗಳನ್ನೇ ಕತ್ತರಿಸಿದಂತಾಗುತ್ತದೆ. ವಸಂತದ ಎಲೆಗಳು ಶರತ್ಕಾಲದಲ್ಲಿ ಹಳದಿಯಾಗಿ ಉದುರುವುದನ್ನು ಕಂಡು ಗಾಬರಿಪಡಬೇಕಿಲ್ಲ. ಬೇಸಿಗೆಯಲ್ಲಿ ಮೂಡಿದ ಚಿಕ್ಕ ಎಲೆಗಳು ಚಳಿಗಾಲವಿಡೀ ಗಿಡವನ್ನು ಹಸಿರಾಗಿಡುತ್ತವೆ. ಆದರೆ ಎಲೆಯ ಮೇಲೆ ಬಿಳಿಚುಕ್ಕೆಗಳೂ ಅಡಿಯಲ್ಲಿ ಕಪ್ಪು ಹಿಕ್ಕೆಗಳೂ ಕಂಡರೆ ಅದು ಜಾಲರಿ ರೆಕ್ಕೆಯ ತಿಗಣೆಯ ಕೆಲಸ. ಪೂರ್ತಿ ಬಿಸಿಲಿನಲ್ಲಿರುವ ಗಿಡಗಳಿಗೆ ಇದರ ಕಾಟ ಹೆಚ್ಚು. ಆರಂಭದಲ್ಲೇ ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಚಿಮ್ಮಿಸಿ, ಅದಕ್ಕೂ ಬಗ್ಗದಿದ್ದರೆ ಕೀಟನಾಶಕ ಸೋಪಿನ ದ್ರಾವಣವನ್ನು ಸಿಂಪಡಿಸಬೇಕು.

ಗಿಡದ ಎಲ್ಲ ಭಾಗಗಳೂ ವಿಷಯುಕ್ತವಾದ್ದರಿಂದ, ಸವರಿದ ರೆಂಬೆಗಳನ್ನು ದನಕರುಗಳಿಗೂ ಆಡುಕುರಿಗಳಿಗೂ ಎಟುಕುವಂತೆ ಬಿಸಾಡಬಾರದು.