ಕೊತ್ತಂಬರಿ ಕಟ್ಟು ಮನೆಗೆ ತಂದ ಮೇಲೆ

ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪನ್ನು ನೋಡಿ ಗುರುತು ಹಿಡಿಯೋಣ ಅಂದುಕೊಂಡರೆ ಆಗುವುದಿಲ್ಲ. ಗೊಬ್ಬರದ ಅಂಶ ಜಾಸ್ತಿ ಇರುವುದರಿಂದ ಅದೇ ಸೊಂಪಾಗಿ, ಕಡು ಹಸಿರಾಗಿ ಕಾಣುತ್ತದೆ! ಹುಬ್ಬಳ್ಳಿ-ಧಾರವಾಡದ ಸುತ್ತ, ಬೆಂಗಳೂರಿನ ವೃಷಭಾವತಿ ಹರಿಯುವ ಕಡೆ ಇಂಥ ನೀರು ಹೊಲಕ್ಕೆ ಹೋಗುವುದು ಹೊಸದೇನಲ್ಲ. ಅದರ ಜೊತೆ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗ ತರುವ ಬ್ಯಾಕ್ಟೀರಿಯಾ, ಜಂತುಹುಳದ ಮೊಟ್ಟೆ ಎಲ್ಲ ಸೊಪ್ಪಿಗೆ ಅಂಟಿಕೊಳ್ಳಬಹುದು.

ಸೊಪ್ಪಿನ ಹುಳಿಗೆ ಹೆದರಬೇಡಿ. ಚೆನ್ನಾಗಿ ಕುದಿಸಿದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ನನಗೆ ಭಯ ಇರುವುದು ಒಲೆ ಆರಿಸಿದ ಮೇಲೆ ಸಾರಿನ ಮೇಲೆ ಉದುರಿಸುತ್ತೇವಲ್ಲ, ಆ ಕೊತ್ತಂಬರಿ ಬಗ್ಗೆ. ಪುದೀನ ಚಟ್ನಿ, ಕೋಸಂಬರಿ, ಮೂಲಂಗಿ ಹಸಿಯಾಗಿ ತಿನ್ನುವುದು ಕೂಡ ಇದೇ ಸಾಲಿಗೆ.

ಮೊದಲು ಕಟ್ಟು ಬಿಚ್ಚಿ, ಬೇರನ್ನು ಒಂದಿಂಚು ಮೇಲಕ್ಕೇ ಕತ್ತರಿಸಿ ಎಸೆಯಿರಿ, ಕೊಳೆತ ಎಲೆ ಆರಿಸಿ ತೆಗೆಯಿರಿ. ದೊಡ್ಡ ಪಾತ್ರೆ ತುಂಬ ನೀರಿನಲ್ಲಿ ಮುಳುಗಿಸಿ ಆಡಿಸಿ. ಈಗ ನೀರು ಬಸಿಯಬೇಡಿ, ಸೊಪ್ಪನ್ನೇ ಮೇಲಕ್ಕೆತ್ತಿ. ನಾನು ಎಷ್ಟೋ ವರ್ಷ ಜರಡಿಗೆ ಸುರಿಯುತ್ತಿದ್ದೆ, ತಳದಲ್ಲಿ ಕೂತ ಕಪ್ಪು ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತಿತ್ತು. ತಳದಲ್ಲಿ ಮಣ್ಣು ಕಾಣದ ತನಕ ನೀರು ಬದಲಿಸಿ, ಕೊನೆಗೆ ನಲ್ಲಿ ಕೆಳಗೆ ಹಿಡಿಯಿರಿ. ನೀರು ಮಾತ್ರ ಕುಡಿಯುವ ನೀರೇ ಆಗಿರಲಿ.

ಉಪ್ಪು ನೀರು? ಸಣ್ಣ ಹುಳ ಬಿಡಿಸಲು ಸರಿ, ಬ್ಯಾಕ್ಟೀರಿಯಾ ಸಾಯಿಸುತ್ತದೆ ಅಂತ ನಂಬಿ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಲೆಕ್ಕದಲ್ಲಿ ಬರೀ ನೀರಿನಲ್ಲಿ ತೊಳೆದರೆ ರೋಗಾಣು ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಕ್ಲೋರಿನ್ ನೀರಿನಲ್ಲಿ ನೆನೆಸಿ ತೊಳೆದರೆ ನೂರರಲ್ಲಿ ಒಂದಕ್ಕೆ. ಹಸಿ ತಿನ್ನುವುದಾದರೆ ತರಕಾರಿ ತೊಳೆಯಲೆಂದೇ ಮಾರುವ ಕ್ಲೋರಿನ್ ತಂದು, ಪ್ಯಾಕೆಟ್ ಮೇಲಿನ ಅಳತೆಯಷ್ಟೇ ಹಾಕಿ, ಆಮೇಲೆ ಮತ್ತೆ ತೊಳೆಯಿರಿ. ಬಚ್ಚಲು ತೊಳೆಯುವ ಬ್ಲೀಚ್ ಬೇಡವೇ ಬೇಡ. ಜಂತುಹುಳದ ಮೊಟ್ಟೆಗೆ ಕ್ಲೋರಿನ್ ನಾಟುವುದಿಲ್ಲ, ಅದು ಹೋಗಬೇಕಾದರೆ ಉಜ್ಜಿ ತೊಳೆಯಬೇಕು, ಇಲ್ಲ ಬೇಯಿಸಬೇಕು. ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿಯರು ಇದ್ದರೆ ಸುಮ್ನೆ ಕೊತ್ತಂಬರಿಯನ್ನೂ ಸಾರಿನ ಜೊತೆ ಕುದಿಯಲು ಬಿಡಿ. ಘಮ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ ಅಲ್ವಾ?

ತೊಳೆದ ಒದ್ದೆ ಸೊಪ್ಪನ್ನು ಕವರಿನಲ್ಲಿ ಕಟ್ಟಿ ಹೊರಗಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ತೊಳೆಯದೆ, ಒದ್ದೆ ಇಲ್ಲದ ಸೊಪ್ಪನ್ನೇ ಫ್ರಿಜ್‌ನಲ್ಲಿಟ್ಟು, ಬೇಕಾದಾಗ ಬೇಕಾದಷ್ಟೇ ತೊಳೆದುಕೊಳ್ಳಿ.