ಹಳೆ ಪ್ಯಾಕೆಟ್ ಸಾಫ್ಟ್‌ವೇರ್ ಇದ್ದರೆ ಎಸೆಯಬೇಡಿ

ಮಡಿಕೇರಿ, ಸೋಮವಾರಪೇಟೆ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೆ ನಮಸ್ಕಾರ. ರೇಡಿಯೋದಲ್ಲಿ ಡೇಟಾ ಕಳಿಸುವ ಹಳೆ ಪ್ಯಾಕೆಟ್ ಪ್ರೋಗ್ರಾಂ ಕಾಮ್ ಪೋರ್ಟೇ (ಸೀರಿಯಲ್ ಪೋರ್ಟ್) ಬೇಕು ಅನ್ನುತ್ತೆ, ಸೌಂಡ್ ಕಾರ್ಡನ್ನೇ ಮೋಡೆಮ್ ಮಾಡುವ ಡೈರ್ ವುಲ್ಫ್ ಸಾಫ್ಟ್‌ವೇರ್ ನೋಡಿದರೆ ನೆಟ್‌ವರ್ಕ್‌ನಲ್ಲಿ ಕೂತಿರುತ್ತೆ. ಇಬ್ಬರನ್ನೂ ಪರಸ್ಪರ ಮಾತಾಡಿಸಬಹುದು.

ವಿಂಡೋಸ್‌ನಲ್ಲಿ ಕಾಮ್‌ಝೀರೋಕಾಮ್ (com0com) ಡ್ರೈವರ್ ಹಾಕಿ (ಡಿಜಿಟಲ್ ಸಹಿ ಇರುವ ಆವೃತ್ತಿಯನ್ನೇ ಹುಡುಕಿ, ಇಲ್ಲದಿದ್ದರೆ 64 ಬಿಟ್ ವಿಂಡೋಸ್ ಆ ಡ್ರೈವರನ್ನು ಒಳಗೇ ಬಿಡಲ್ಲ). ಅದು ಒಂದಕ್ಕೊಂದು ಬೆಸೆದ ಎರಡು ನಕಲಿ ಪೋರ್ಟ್ ಕೊಡುತ್ತೆ. ಕಾಮ್ 5, ಕಾಮ್ 6 ಅಂತ ಹೆಸರಿಡಿ. ಐದು ಹಳೆ ಪ್ರೋಗ್ರಾಂಗೆ. ಆರನ್ನು ಕಾಮ್‌ಟುಟಿಸಿಪಿ (com2tcp) ಪ್ರೋಗ್ರಾಂ ಮೂಲಕ ಡೈರ್ ವುಲ್ಫ್‌ನ ನೆಟ್‌ವರ್ಕ್ ಪೋರ್ಟ್ 8001ಕ್ಕೆ ಜೋಡಿಸಿ. ಅದೇ ಕಿಸ್ (KISS, ಪ್ರೋಗ್ರಾಂ ಮತ್ತು ಮೋಡೆಮ್ ನಡುವಿನ ಸರಳ ಭಾಷೆ) ಪೋರ್ಟ್. 8000 ಎಜಿಡಬ್ಲ್ಯೂ (AGW) ಅನ್ನೋ ಬೇರೆ ಭಾಷೆಯದು, ಅಲ್ಲಿಗೆ ಕೊಟ್ಟು ನಾನು ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡೆ. ಡೈರ್ ವುಲ್ಫ್ ಬದಲು ಯುಝಡ್7ಎಚ್‌ಒ ಸೌಂಡ್‌ಮೋಡೆಮ್ ಆದರೆ ಕಿಸ್ ಪೋರ್ಟ್ 8100. ಬಾಡ್ ರೇಟ್ (ಪೋರ್ಟಿನ ವೇಗ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಕಲಿ ಪೋರ್ಟಿಗೆ ಏನಿಟ್ಟರೂ ನಡೆಯುತ್ತೆ. ಲಿನಕ್ಸ್‌ನವರಿಗೆ ಈ ಎರಡೂ ಕೆಲಸಕ್ಕೆ ಸೋಕ್ಯಾಟ್ (socat) ಒಂದೇ ಸಾಕು.

ಒಂದು ಮಾತು: ಪ್ರೋಗ್ರಾಂಗೆ ಕಿಸ್ ಗೊತ್ತಿರಲೇಬೇಕು. ಟಿಎನ್‌ಸಿಗೆ (ಪ್ಯಾಕೆಟ್ ಮೋಡೆಮ್ ಪೆಟ್ಟಿಗೆ) ಕಮಾಂಡ್ ಕಳಿಸಿ ಓಡಿಸುವ ಕಾಲದ್ದಾದರೆ ಈ ಉಪಾಯ ನಡೆಯಲ್ಲ.

ನಮ್ಮ ಮನೇಲಿ ರೇಡಿಯೋ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಅಟ್ಟದ ಮೇಲೆ, ಲ್ಯಾಪ್‌ಟಾಪ್ ಕೆಳಗೆ, ನಡುವೆ ಬರೀ ವೈಫೈ. ಕಾಫಿಗೆ ಹೂಮಳೆ ಬರುವಾಗಿನ ಸಿಡಿಲು ಹರಿದು ಬರಲು ಅಷ್ಟು ತಂತಿ ಕಮ್ಮಿ. ಆಂಟೆನಾ ಕೇಬಲ್ ಮಾತ್ರ ಆಗಲೂ ಕಳಚಿಯೇ ಇಡಿ.